ಲೇಸರ್ ಚಿಕಿತ್ಸೆ: ಒಂದೇ ಪದದ ಉತ್ತರ ಸಾಲದು

ಮೈಮೇಲಿನ ಅನಗತ್ಯ ರೋಮಗಳನ್ನು ಲೇಸರ್ ಮೂಲಕ ತೆಗೆಸಿಕೊಳ್ಳುವುದು ಹಲಾಲೋ ಹರಾಮೋ? ಈ ಪ್ರಶ್ನೆಯು ಇತ್ತೀಚೆಗೆ ನಮ್ಮ ಮನೆಗಳಲ್ಲಿ ಮೆಲುದನಿಯಲ್ಲಿ ಕೇಳಿಬರುತ್ತಿದೆ. ಹೆಣ್ಣುಮಕ್ಕಳು ತಾಯಂದಿರನ್ನು ಕೇಳುತ್ತಾರೆ, ತಾಯಂದಿರು ಉಸ್ತಾದರ ಮನೆಯವರನ್ನು ಕೇಳುತ್ತಾರೆ. ಬಹುತೇಕ ಒಂದೇ ಪದದ ಉತ್ತರ ದೊರೆತು ಮಾತು ಅಲ್ಲಿಗೇ ಮುಗಿಯುತ್ತದೆ. ಆದರೆ ಯಾವ ಭಾಗದ ರೋಮ, ಯಾವ ಕಾರಣಕ್ಕೆ, ಯಾರ ಮುಂದೆ ಎಂಬ ಮೂರು ಸಂಗತಿಗಳನ್ನು ವಿಚಾರಿಸದೆ ಕೊಡುವ ಉತ್ತರವು ಅಪೂರ್ಣವೆಂದೇ ನಮ್ಮ ಅಭಿಪ್ರಾಯ.

ಶರೀಅತ್ತಿನ ದೃಷ್ಟಿಯಲ್ಲಿ ಎಲ್ಲ ರೋಮಗಳೂ ಒಂದೇ ಅಲ್ಲ. ಕಂಕುಳ ಮತ್ತು ಗುಹ್ಯಭಾಗದ ರೋಮಗಳನ್ನು ತೆಗೆಯುವುದು ಫಿತ್ರತ್‌ಗೆ, ಅಂದರೆ ಮಾನವನ ಸಹಜ ಪ್ರಕೃತಿಗೆ, ಸೇರಿದ ಕಾರ್ಯವೆಂದು ಅಬೂ ಹುರೈರಾ(ರ) ವರದಿ ಮಾಡಿದ ಹದೀಸ್‌ನಲ್ಲಿದೆ. ಅದನ್ನು 40 ದಿನಗಳಿಗಿಂತ ಹೆಚ್ಚು ಮುಂದೂಡಬಾರದೆಂದು ಅನಸ್(ರ) ಅವರ ವರದಿಯಿಂದ ತಿಳಿಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಅಂದಕ್ಕಾಗಿ ಹುಬ್ಬು ಕೀಳುವುದನ್ನು ಪ್ರವಾದಿ(ಸ) ಕಠಿಣವಾಗಿ ವಿರೋಧಿಸಿದ್ದಾರೆ. ಕೈಕಾಲುಗಳ ರೋಮದ ಕುರಿತು ಸ್ಪಷ್ಟ ಆದೇಶವೂ ಇಲ್ಲ, ನಿಷೇಧವೂ ಇಲ್ಲ. ಮಹಿಳೆಯರು ಅದನ್ನು ತೆಗೆಯುವುದಕ್ಕೆ ಅಡ್ಡಿಯಿಲ್ಲವೆಂದು ಅನೇಕ ವಿದ್ವಾಂಸರು ಹೇಳಿದ್ದಾರೆ. ಆದ್ದರಿಂದ ಹುಬ್ಬಿಗೆ ಸಲ್ಲದ್ದು ಲೇಸರ್‌ನಿಂದ ಸಲ್ಲುವಂತಾಗುವುದಿಲ್ಲ. ಹಾಗೆಯೇ ತೆಗೆಯಬಹುದಾದ ರೋಮವನ್ನು ಲೇಸರ್‌ನಿಂದ ತೆಗೆದ ಮಾತ್ರಕ್ಕೆ ಅದು ನಿಷಿದ್ಧವಾಗುವುದೂ ಇಲ್ಲ.

ಇನ್ನು ಹೆಣ್ಣುಮಕ್ಕಳ ಗಲ್ಲ ಮತ್ತು ಮೇಲ್ದುಟಿಯ ಮೇಲೆ ದಟ್ಟವಾಗಿ ಬೆಳೆಯುವ ರೋಮದ ವಿಷಯ. ಅನೇಕರಲ್ಲಿ ಇದಕ್ಕೆ ಪಿಸಿಓಎಸ್ ಎಂಬ ಹಾರ್ಮೋನಿನ ಏರುಪೇರು ಕಾರಣ. ಇದು ಸರಿಸುಮಾರು ಹತ್ತು ಮಹಿಳೆಯರಲ್ಲಿ ಒಬ್ಬರಲ್ಲಿ ಕಂಡುಬರುವ ಸಮಸ್ಯೆ. ಇಂಥ ಹುಡುಗಿ ಚಿಕಿತ್ಸೆ ಬಯಸಿದರೆ, ಅಲ್ಲಾಹನ ಸೃಷ್ಟಿಯನ್ನು ಬದಲಿಸುತ್ತಿದ್ದಾಳೆಂದು ಗದರಿಸುವವರಿದ್ದಾರೆ. ಆದರೆ ಮಹಿಳೆಗೆ ಗಡ್ಡ ಮೀಸೆ ಬೆಳೆದರೆ ಅದನ್ನು ತೆಗೆಯುವುದು ನಿಷಿದ್ಧವಲ್ಲ, ಬದಲಾಗಿ ಮುಸ್ತಹಬ್ ಎಂದು ಶಾಫಿಈ ಮದ್‌ಹಬ್‌ನ ಇಮಾಮ್ ನವವೀ(ರ) ಬರೆದಿದ್ದಾರೆ. ಹನಫೀ ವಿದ್ವಾಂಸ ಇಬ್ನ್ ಆಬಿದೀನ್(ರ) ಅವರ ಅಭಿಪ್ರಾಯವೂ ಅದೇ. ಕರಾವಳಿಯ ಶಾಫಿಈಗಳಿಗೂ ಘಟ್ಟದ ಮೇಲಿನ ಹನಫೀಗಳಿಗೂ ಇಲ್ಲಿ ಅಂಜಿಕೆಗೆ ಕಾರಣವಿಲ್ಲ. ಇದು ಶೃಂಗಾರದ ಹುಚ್ಚಲ್ಲ, ತೊಂದರೆಯ ನಿವಾರಣೆ.

ನಿಜವಾದ ಎಚ್ಚರಿಕೆ ಬೇಕಿರುವುದು ಔರತ್‌ನ ವಿಷಯದಲ್ಲಿ. ಹೊಕ್ಕುಳಿನಿಂದ ಮೊಣಕಾಲಿನವರೆಗಿನ ಭಾಗವನ್ನು ಹೆಣ್ಣು ಹೆಣ್ಣಿನ ಮುಂದೆಯೂ ಅನಿವಾರ್ಯತೆಯಿಲ್ಲದೆ ತೆರೆಯಬಾರದು. ಕ್ಲಿನಿಕ್‌ನಲ್ಲಿ ಮಹಿಳಾ ಸಿಬ್ಬಂದಿ ಇದ್ದಾರೆಂಬುದು ಇದಕ್ಕೆ ಸಮಾಧಾನವಾಗದು. ಮನೆಯಲ್ಲಿ ಕ್ಷೌರದ ಬ್ಲೇಡ್‌ನಿಂದ ತಾವೇ ನೆರವೇರಿಸಬಹುದಾದ ಸುನ್ನತ್‌ಗಾಗಿ ಪರರ ಮುಂದೆ ಗುಹ್ಯಭಾಗವನ್ನು ತೆರೆಯುವುದು ಸುನ್ನತ್‌ನ ಹೆಸರಿನಲ್ಲಿ ಕಡ್ಡಾಯವನ್ನೇ ಮುರಿದಂತೆ. ಪದೇ ಪದೇ ಸೋಂಕಾಗುವಂಥ ಕಾಯಿಲೆಯಿದ್ದು ವೈದ್ಯರೇ ಸಲಹೆ ನೀಡಿದರೆ ಆ ಮಾತು ಬೇರೆ. ಆಗಲೂ ವೈದ್ಯೆಯಿಂದ, ಅಗತ್ಯವಿರುವಷ್ಟೇ ಮಟ್ಟಿಗೆ. ಮುಖ, ಕೈಗಳ ಚಿಕಿತ್ಸೆಗೂ ಮಹಿಳೆಯರನ್ನೇ ಆರಿಸಿಕೊಳ್ಳಬೇಕು.

ಜಾಹೀರಾತಿನ ಮಾತನ್ನೂ ಅಳೆದು ನೋಡಬೇಕು. ಲೇಸರ್ ಬೆಳಕನ್ನು ಕೂದಲಿನ ಕಪ್ಪು ವರ್ಣದ್ರವ್ಯ ಹೀರಿಕೊಂಡಾಗ ಉಂಟಾಗುವ ಬಿಸಿಯಿಂದ ಬೇರಿಗೆ ಹಾನಿಯಾಗುತ್ತದೆ. ಎಲ್ಲ ಕೂದಲೂ ಏಕಕಾಲಕ್ಕೆ ಬೆಳವಣಿಗೆಯ ಹಂತದಲ್ಲಿರದ ಕಾರಣ ವಾರಗಳ ಅಂತರದಲ್ಲಿ ಹಲವು ಬಾರಿ ಹೋಗಬೇಕಾಗುತ್ತದೆ. ನರೆತ ಕೂದಲಿನ ಮೇಲೆ ಇದು ಪರಿಣಾಮ ಬೀರುವುದಿಲ್ಲ. ರೋಮ ಗಣನೀಯವಾಗಿ ಕಡಿಮೆಯಾಗಬಹುದೇ ಹೊರತು ಪೂರ್ಣ ನಿರ್ಮೂಲನೆಯ ಖಾತರಿಯಿಲ್ಲ. ನಮ್ಮಂಥ ಕಂದುಬಣ್ಣದ ಚರ್ಮದಲ್ಲೂ ಅದೇ ವರ್ಣದ್ರವ್ಯವಿರುವುದರಿಂದ ಸುಟ್ಟಗಾಯ, ಕಪ್ಪುಕಲೆಗಳ ಅಪಾಯ ಹೆಚ್ಚು. ಇಂಥ ಚರ್ಮಕ್ಕೆ 1064 ನ್ಯಾನೋಮೀಟರ್ ತರಂಗದ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಹಾರ್ಮೋನಿನ ತೊಂದರೆಯಿರುವ ಕೆಲವರಲ್ಲಿ ಮುಖದ ರೋಮ ಹೆಚ್ಚಾದದ್ದೂ ಉಂಟು. ಹಾಗಾಗಿ ಬ್ಯೂಟಿ ಪಾರ್ಲರ್‌ಗೆ ಧಾವಿಸುವ ಮೊದಲು ಸ್ತ್ರೀರೋಗ ತಜ್ಞೆಯನ್ನೂ ಚರ್ಮವೈದ್ಯೆಯನ್ನೂ ಕಾಣುವುದು ವಿವೇಕ. ಒಳಗಿನ ಕಾರಣ ಹಾಗೆಯೇ ಉಳಿದರೆ ಹೊರಗಿನ ಚಿಕಿತ್ಸೆ ನಿಲ್ಲದು.

ಕೊನೆಯ ಮಾತು ಹೆತ್ತವರಿಗೆ. ಇಂಥ ಮಗಳನ್ನು ನೋಡಲು ಬಂದವರು ಆಡುವ ಕುಹಕಕ್ಕಿಂತ ಮನೆಯವರೇ ಆಡುವ ಚುಚ್ಚುಮಾತು ಆಳವಾಗಿ ನಾಟುತ್ತದೆ. ಮದುವೆಯ ಮಾತುಕತೆ ಆರಂಭವಾದಾಗ ಮಾತ್ರ ನೆನಪಾಗುವ ಚಿಕಿತ್ಸೆ ಅವಳ ಆರೋಗ್ಯಕ್ಕಾಗಿ ಅಲ್ಲ, ನಮ್ಮ ಪ್ರತಿಷ್ಠೆಗಾಗಿ. ಚಿಕಿತ್ಸೆ ಬೇಕೆಂದರೆ ಅವಳೊಡನೆ ನಿಲ್ಲೋಣ. ಬೇಡವೆಂದರೆ ಅವಳನ್ನು ಇದ್ದಂತೆಯೇ ಗೌರವಿಸೋಣ. ಸೌಂದರ್ಯವನ್ನು ಕೊಡುವವನೂ ಪರೀಕ್ಷಿಸುವವನೂ ಅಲ್ಲಾಹನೇ. ಲಜ್ಜೆ ಮತ್ತು ವಿವೇಕ ಎರಡನ್ನೂ ಕಾಪಾಡಿಕೊಳ್ಳುವ ಸೌಭಾಗ್ಯವನ್ನು ಅವನು ನಮಗೆ ಕರುಣಿಸಲಿ, ಆಮೀನ್.