ಗಿಟಾರ್ ಹಿಡಿದವನಿಗೆ ಬಡ್ತಿ

ರ‍್ಯಾಪರ್ ಲಿಲ್ ಯಾಟಿ ಕೊನೆಗೂ ‘ಸಂಗೀತಗಾರ’ ಆಗಿಬಿಟ್ಟನಂತೆ. 2023ರ ಜನವರಿಯಲ್ಲಿ ‘ಲೆಟ್ಸ್ ಸ್ಟಾರ್ಟ್ ಹಿಯರ್’ ಆಲ್ಬಂ ಬಂದಾಗಿನಿಂದ ಇಂದಿರಾನಗರದ ರಾಕ್ ಪಂಡಿತರ ಬಾಯಲ್ಲಿ ಇದೇ ಪಾಠ. ಅಲ್ಲಿಯವರೆಗೆ ಆ ಅಟ್ಲಾಂಟಾ ಹುಡುಗನ ಹೆಸರೆತ್ತಿದರೆ ಇವರು ಮೂಗು ಮುರಿಯುತ್ತಿದ್ದರು. ರ‍್ಯಾಪ್ ಬಿಟ್ಟ, ಗಿಟಾರ್ ಮೊಳಗಿತು, ಪಿಂಕ್ ಫ್ಲಾಯ್ಡ್ ವಾಸನೆ ಬಂತು. ತಕ್ಷಣ ಪಂಕ್ತಿಯಲ್ಲಿ ಎಲೆ ಹಾಕಿದರು.

ಆಲ್ಬಂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸುಮಾರು ಏಳು ನಿಮಿಷದ ಮೊದಲ ಹಾಡು ಸೊಗಸಾಗಿದೆ, ನಡುವೆ ಬರೀ ಎಳೆದಾಟ. ಬಿಲ್‌ಬೋರ್ಡ್‌ನ ರಾಕ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೂ ಏರಿತು, ಏರಲಿ. ನನ್ನ ಜಗಳ ಚಪ್ಪಾಳೆಯ ಜೊತೆ. ‘ಬೆಳೆದ’, ‘ಪ್ರಬುದ್ಧನಾದ’ ಅಂತೀರಲ್ಲ, ಅದಕ್ಕೆ ಮುಂಚೆ ಏನು ಕತ್ತೆ ಕಾಯುತ್ತಿದ್ದನೇ? ಬೇಸರವೆಂದರೆ ಯಾಟಿಯೇ ಈ ಮಾತಿಗೆ ತಲೆಬಾಗಿದ. ತನ್ನನ್ನು ಬರೀ ಗೊಣಗುವ ರ‍್ಯಾಪರ್ ಅಂದುಕೊಳ್ಳದೆ ಕಲಾವಿದನೆಂದು ಗಂಭೀರವಾಗಿ ನೋಡಲಿ ಎಂದೇ ಇದನ್ನು ಮಾಡಿದ್ದಾಗಿ ಅವನೇ ಹೇಳಿಕೊಂಡ.

ಹೇಳದೆ ಏನು ಮಾಡಿಯಾನು? ಗ್ರ್ಯಾಮಿಯ ಲೆಕ್ಕ ನೋಡಿ. ‘ವರ್ಷದ ಆಲ್ಬಂ’ ಪ್ರಶಸ್ತಿ ಹಿಪ್‌ಹಾಪ್‌ಗೆ ಬಂದದ್ದು 1999ರಲ್ಲಿ ಲಾರಿನ್ ಹಿಲ್‌ಗೆ, 2004ರಲ್ಲಿ ಔಟ್‌ಕಾಸ್ಟ್‌ಗೆ. ಆಮೇಲಿನ ಇಪ್ಪತ್ತು ವರ್ಷ, 2005ರಿಂದ 2024ರವರೆಗೆ, ಸೊನ್ನೆ. ಇಡೀ ಅಮೆರಿಕ ರ‍್ಯಾಪ್ ಕೇಳುತ್ತಿದ್ದ ವರ್ಷಗಳಿವು! 2018ರಲ್ಲಿ ಕೆಂಡ್ರಿಕ್ ಲಮಾರ್‌ನ ‘ಡ್ಯಾಮ್’ಗೆ ಪುಲಿಟ್ಜರ್ ಸಿಕ್ಕಿತು, ಗ್ರ್ಯಾಮಿಯ ಆ ಪ್ರಶಸ್ತಿ ಸಿಗಲಿಲ್ಲ. ಬಿಯಾನ್ಸೆಗೂ ಅದು ದಕ್ಕಿದ್ದು 2025ರಲ್ಲಿ, ಕಂಟ್ರಿ ಆಲ್ಬಂ ಮಾಡಿದ ಮೇಲೆ. 1999, 2004, ಅಷ್ಟೇ. ಇದನ್ನು ನೋಡಿಕೊಂಡೇ ಬೆಳೆದ ಹುಡುಗ ಗಿಟಾರ್ ಕಡೆ ಕೈ ಚಾಚಿದರೆ ಅದಕ್ಕೆ ‘ಬೆಳವಣಿಗೆ’ ಅಂತ ಹೆಸರಿಡುತ್ತೀರಿ.

‘ರ‍್ಯಾಪ್ ಬರೀ ಮಾತು, ಅದರಲ್ಲಿ ಸಂಗೀತ ಎಲ್ಲಿದೆ’ ಎಂಬ ರಾಗ ಬೇರೆ. ಕನ್ನಡದವರಿಗೆ ಈ ಮಾತು ಹೇಳಲು ನಾಚಿಕೆಯಾಗಬೇಕು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಮೇಳಗಳು ರಾತ್ರಿಯಿಡೀ ಸವಾಲು–ಜವಾಬು ಹಾಡುತ್ತಿದ್ದವಲ್ಲ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಅಂತ, ದಪ್ಪು ತುಂತುಣಿಯ ಗತ್ತಿಗೆ ಮಾತು ಕುಟ್ಟಿ ಕುಟ್ಟಿ? ಎದುರಾಳಿಯ ಬಾಯಿ ಕಟ್ಟಿಸುವುದೇ ಅಲ್ಲಿನ ವಿದ್ಯೆ. ಅದು ಜಾನಪದ, ಅದಕ್ಕೆ ಅಕಾಡೆಮಿ ಪ್ರಶಸ್ತಿ. ಅದನ್ನೇ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಒಬ್ಬ ಹುಡುಗ ಫೋನಿನಲ್ಲಿ ಬೀಟ್ ಹಾಕಿಕೊಂಡು ಮಾಡಿದರೆ ‘ಪುಂಡಾಟ’.

ನಿಜ ಹೇಳಬೇಕೆಂದರೆ ಇದು ದುಡ್ಡಿನ ಕಥೆ. ಗಿಟಾರ್, ಆ್ಯಂಪ್, ಡ್ರಮ್ ಸೆಟ್, ಅಭ್ಯಾಸಕ್ಕೊಂದು ಸದ್ದು ಹೊರಗೆ ಹೋಗದ ಕೋಣೆ, ಇಷ್ಟಿದ್ದರೆ ರಾಕ್ ಬ್ಯಾಂಡ್. ರ‍್ಯಾಪ್‌ಗೆ ನಾಲಿಗೆ ಸಾಕು. ದಂಡು ಪ್ರದೇಶದ ಇಂಗ್ಲಿಷ್ ಶಾಲೆಗಳಲ್ಲಿ ಓದಿದವರಿಗೆ ರಾಕ್ ಒಂದು ಕುಲಗೋತ್ರವೇ ಆಗಿತ್ತು. 2007ರಲ್ಲಿ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದದ್ದನ್ನು ಇವರು ಇನ್ನೂ ಹೇಳಿಕೊಳ್ಳುತ್ತಾರೆ. ಇದೇ ಬೆಂಗಳೂರಿನಲ್ಲಿ ಬೆಳೆದ ರ‍್ಯಾಪರ್ ಬ್ರೋಧ ವಿ 2012ರಲ್ಲಿ ‘ಆತ್ಮ ರಾಮ’ ಬಿಟ್ಟದ್ದು ಎಷ್ಟು ಜನಕ್ಕೆ ನೆನಪಿದೆ?

2018ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಲೈವ್ ಸಂಗೀತಕ್ಕೆ ಪರವಾನಗಿ ಬೇಕೆನ್ನುವ ಪೊಲೀಸರ 2005ರ ಆದೇಶವನ್ನು ಎತ್ತಿಹಿಡಿದು, ಆಮೇಲೆ ಇಂದಿರಾನಗರದ ಪಬ್‌ಗಳಲ್ಲಿ ಲೈವ್ ಸಂಗೀತ ನಿಂತಾಗ ‘ಬೆಂಗಳೂರಿನ ಸಂಸ್ಕೃತಿ ಸತ್ತಿತು’ ಎಂದು ಇವರೇ ಎದೆ ಬಡಿದುಕೊಂಡರು. ಯಾವ ಸಂಸ್ಕೃತಿ ಸ್ವಾಮಿ? ಕನ್ನಡ ಹಾಡು ಹಾಕಿ ಅಂದರೆ ಡಿಜೆ ಹಲ್ಲು ಕಿರಿಯುವ ಜಾಗಗಳ ಸಂಸ್ಕೃತಿಯೇ? ಅಲ್ಲಿಂದ ಹಲಸೂರಿಗೆ ನಡೆದು ಹೋಗಬಹುದು. ಅಲ್ಲಿನ ಗಲ್ಲಿಗಳಲ್ಲಿ ಹುಡುಗರು ಹಳೇ ಪೇಪರು ಗುಡ್ಡೆ ಹಾಕಿ ಬೆಂಕಿ ಹಚ್ಚಿ, ತಮಟೆಯ ಚರ್ಮ ಬಿಗಿಯುವವರೆಗೆ ಅದರ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸುತ್ತಾರೆ, ಆಗಾಗ ಬೆರಳಲ್ಲಿ ತಟ್ಟಿ ನೋಡುತ್ತಾರೆ. ಸುರುವಾಯಿತೆಂದರೆ ಬೀದಿ ಅದುರುತ್ತದೆ. ಅದು ಮಾತ್ರ ಇವರಿಗೆ ‘ಗಲಾಟೆ’.

ಇನ್ನು ಯಾಟಿಯನ್ನು ದ್ರೋಹಿ ಅಂತ ಬೈಯುವ ರ‍್ಯಾಪ್ ಅಭಿಮಾನಿಗಳಿದ್ದಾರಲ್ಲ, ಅವರದು ಚಿಲ್ಲರೆ ಕೋಪ. ರಾಕ್ ಹುಟ್ಟಿದ್ದೇ ಸಿಸ್ಟರ್ ರೊಸೆಟ್ಟಾ ಥಾರ್ಪ್, ಚಕ್ ಬೆರಿಯಂಥ ಕಪ್ಪು ಜನರ ಕೈಯಲ್ಲಿ. ಕರಿಯ ಹುಡುಗ ಗಿಟಾರ್ ಮುಟ್ಟಲು ಯಾರ ಅಪ್ಪಣೆ ಬೇಕು?

ಅಂದಹಾಗೆ, ಆ ರಾಕ್ ಆಲ್ಬಂ ಬಂದು ಮೂರೇ ತಿಂಗಳಿಗೆ, ಏಪ್ರಿಲ್‌ನಲ್ಲಿ, ಯಾಟಿ ‘ಸ್ಟ್ರೈಕ್’ ಬಿಟ್ಟ. ಅಪ್ಪಟ ರ‍್ಯಾಪ್. ಅದರ ಬಗ್ಗೆ ಏನಂತೀರಿ ಎಂದು ನಮ್ಮ ಪಂಡಿತರೊಬ್ಬರನ್ನು ಕೇಳಿದೆ. “ಹೌದಾ? ಅವನು ಇನ್ನೂ ರ‍್ಯಾಪ್ ಮಾಡ್ತಾನಾ?” ಅಂದರು.