ಪೀಠವಿಲ್ಲದ ಕಡೆ ಮೇಲ್ಮನವಿ ಹಾಕಿ ಕೂತರೆ ಸಾಕೆ?

ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರರಿಗೆ ಸಂಬಂಧಿಸಿದ ದಾವೆಯೊಂದು 2021ರ ಡಿಸೆಂಬರ್‌ನಿಂದ ಜಿನೀವಾದಲ್ಲಿ ನಿಂತಲ್ಲೇ ನಿಂತಿದೆ. ಬ್ರೆಜಿಲ್, ಆಸ್ಟ್ರೇಲಿಯ, ಗ್ವಾಟೆಮಾಲಾ ದೇಶಗಳು ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಭಾರತದ ಮೇಲೆ 2019ರಲ್ಲಿ ಹೂಡಿದ ಸಕ್ಕರೆ ದಾವೆ ಅದು. 2021ರ ಡಿಸೆಂಬರ್ 14ರಂದು ತೀರ್ಪು ಹೊರಬಿತ್ತು, ನಾವು ಸೋತೆವು. ಮೇಲ್ಮನವಿ ಹಾಕಿದೆವು. ಅದನ್ನು ಕೇಳಲು ಅಲ್ಲಿ ಪೀಠವೇ ಇಲ್ಲ, ಹಾಗಾಗಿ ತೀರ್ಪು ಜಾರಿಯಾಗುವಂತಿಲ್ಲ. ಇದನ್ನು ಜಾಣತನ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ.

ನಾನು ಮದ್ದೂರು ಕಡೆಯವನು. ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿದ್ದುಕೊಂಡು ಆಮದು ವ್ಯಾಪಾರಿಗಳ ಲೆಕ್ಕ ಬರೆಯುತ್ತಲೇ ತಲೆ ನರೆತಿದೆ. 2015ರ ಡಿಸೆಂಬರ್‌ನಲ್ಲಿ ಇದೇ ಊರಿಗೆ ಲೋಕದ ವಾಣಿಜ್ಯ ಸಚಿವರೆಲ್ಲ ಬಂದಿದ್ದರು. ಕೆನ್ಯಾದ ಅಮೀನಾ ಮೊಹಮದ್ ಅವರ ಅಧ್ಯಕ್ಷತೆಯಲ್ಲಿ, ಕೃಷಿ ಉತ್ಪನ್ನಗಳ ರಫ್ತಿಗೆ ಕೊಡುವ ಸಬ್ಸಿಡಿ ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಸಾಗಾಟ, ಮಾರಾಟದ ಖರ್ಚಿಗೆ ನೆರವು ಕೊಡಲು ಅಭಿವೃದ್ಧಿಶೀಲ ದೇಶಗಳಿಗೆ 2023ರ ಕೊನೆಯವರೆಗೆ ವಿನಾಯಿತಿ ಸಿಕ್ಕಿತು. 2019-20ರಲ್ಲಿ ರಫ್ತಾಗುವ ಪ್ರತಿ ಟನ್ ಸಕ್ಕರೆಗೆ ಭಾರತ 10,448 ರೂಪಾಯಿ ನೆರವು ಘೋಷಿಸಿದ್ದು ಈ ವಿನಾಯಿತಿಯನ್ನೇ ನೆಚ್ಚಿಕೊಂಡು.

ತೀರ್ಪು ಕೊಟ್ಟ ಜಿನೀವಾದ ಸಮಿತಿ ಕೈಯಿಟ್ಟದ್ದು ರಫ್ತು ಸಬ್ಸಿಡಿಗೆ ಮಾತ್ರವಲ್ಲ, ಕಬ್ಬಿಗೆ ಕೇಂದ್ರ ಸರ್ಕಾರ ಕಟ್ಟುವ ಕನಿಷ್ಠ ಬೆಲೆಯಾದ ನಮ್ಮ ಎಫ್‌ಆರ್‌ಪಿಗೂ. ಬೆಳೆಯ ಒಟ್ಟು ಮೌಲ್ಯದ ಶೇ 10ನ್ನು ಮೀರಿ ಬೆಂಬಲ ಕೊಡುವಂತಿಲ್ಲ. 2014-15ರಿಂದ 2018-19ರವರೆಗಿನ ಐದೂ ಹಂಗಾಮಿನಲ್ಲಿ ಭಾರತ ಅದನ್ನು ಮೀರಿದೆ ಎಂದಿತು. ದುಡ್ಡು ಕೊಡುವುದು ಕಾರ್ಖಾನೆ, ಸರ್ಕಾರವಲ್ಲ ಎಂದು ನಾವು ವಾದಿಸಿದೆವು. ಬೆಲೆ ಕಟ್ಟಿಕೊಟ್ಟದ್ದೇ ಬೆಂಬಲ ಎಂದು ಸಮಿತಿ ತಳ್ಳಿಹಾಕಿತು. ಇಲ್ಲಿ ನಾನು ಊರಿನವರ ಪರ. ನಿಯಮದ ಪ್ರಕಾರ ಇಂದಿನ ದರವನ್ನು ಅಳೆಯುವುದು 1986-88ರ ದರಕ್ಕೆ ಹೋಲಿಸಿ. ಲೆಕ್ಕ ಬರೆಯುವ ಯಾವನೂ ಇದನ್ನು ಒಪ್ಪಲಾರ. ಬೆಂಬಲವೆಂದರೆ ಏನೆಂಬುದನ್ನು ಮೇಲಿನ ಪೀಠ ಇತ್ಯರ್ಥ ಮಾಡಬೇಕು, ಆ ಹಳೇ ಅಳತೆಯನ್ನು ಸಚಿವರು ಕೂತು ಬದಲಿಸಬೇಕು.

ಆದರೆ ದಾವೆಗೆ ಇನ್ನೊಂದು ಮಗ್ಗುಲಿದೆ. ನೈರೋಬಿ ವಿಶ್ವವಿದ್ಯಾಲಯದ ಕಾನೂನು ಶಾಲೆ ಇರುವುದು ನಮ್ಮ ಪಾರ್ಕ್‌ಲ್ಯಾಂಡ್ಸ್‌ನಲ್ಲೇ. ಅಲ್ಲಿ ಓದುವ, ಕಕಮೆಗಾ ಕಡೆಯ ಹುಡುಗಿಯೊಬ್ಬಳು ನಮ್ಮ ಕಟ್ಟಡದಲ್ಲಿ ಬಾಡಿಗೆಗಿದ್ದಾಳೆ. ಅವಳ ಮನೆಯಲ್ಲೂ ಕಬ್ಬೇ. "ಮ್ಜೇ (ಹಿರಿಯರೇ), ನಿಮ್ಮ ಸರ್ಕಾರ ಸಬ್ಸಿಡಿ ಕೊಟ್ಟು ಸಕ್ಕರೆ ಹೊರಗೆ ಕಳಿಸಿದಷ್ಟೂ ನಮ್ಮಪ್ಪನ ಕಬ್ಬಿನ ಬೆಲೆ ಬೀಳುತ್ತದಲ್ಲ?" ಎಂದು ಕೇಳಿದಳು. ಆ ಸೀಮೆಯ ದೊಡ್ಡ ಕಾರ್ಖಾನೆ ಮುಮಿಯಾಸ್ ಸಾಲದಲ್ಲಿ ಮುಳುಗಿ 2019ರಲ್ಲಿ ಬ್ಯಾಂಕಿನ ಹಿಡಿತಕ್ಕೆ ಹೋಯಿತು. ಕಾರಣಗಳು ಹಲವು. ಆದರೂ ಅಗ್ಗದ ಸಕ್ಕರೆಯ ಅಂಜಿಕೆಯಿಂದ ಕೆನ್ಯಾ ಎರಡು ದಶಕಕ್ಕೂ ಹೆಚ್ಚು ಕಾಲ ನೆರೆ ದೇಶಗಳ ಸಕ್ಕರೆಗೂ ಮಿತಿ ಹಾಕಿತ್ತೆಂಬುದು ಸುಳ್ಳಲ್ಲ. ನಮ್ಮ ರೈತನನ್ನು ಉಳಿಸುವ ಹಣ ಇನ್ನೊಬ್ಬ ಬಡ ರೈತನ ಹೊಟ್ಟೆಯ ಮೇಲೆ ಹೊಡೆಯಬಾರದು. ಹೊಡೆಯುತ್ತಿದೆಯೋ ಇಲ್ಲವೋ ಎಂದು ತೂಗಿ ಹೇಳಲು ನ್ಯಾಯಪೀಠ ಬೇಕು.

ಆ ಮೇಲ್ಮನವಿ ಪೀಠದ ಕೆಲಸ ನಿಂತದ್ದು 2019ರ ಡಿಸೆಂಬರ್‌ನಲ್ಲಿ. ಭಾರತದ ಉಜಾಲ್ ಸಿಂಗ್ ಭಾಟಿಯಾ ಸೇರಿ ಇಬ್ಬರ ಅವಧಿ ಮುಗಿದು ಒಬ್ಬರೇ ಉಳಿದರು. ಹೊಸಬರ ನೇಮಕಕ್ಕೆ ಅಮೆರಿಕ ಅಡ್ಡಗಾಲು ಹಾಕಿತ್ತು. ಪೀಠವಿಲ್ಲದಿದ್ದರೆ ನಮಗೇ ಲಾಭ ಎನ್ನುವವರು ಇನ್ನೊಂದು ಕಡತ ನೋಡಲಿ. ಅಮೆರಿಕದ ಕೆಲವು ರಾಜ್ಯಗಳು ಸ್ಥಳೀಯ ಸೌರ ಸಾಮಗ್ರಿಗೆ ಕೊಡುತ್ತಿದ್ದ ಪ್ರೋತ್ಸಾಹದ ವಿರುದ್ಧ ಭಾರತ ದಾವೆ ಹೂಡಿ 2019ರ ಜೂನ್‌ನಲ್ಲಿ ಗೆದ್ದಿತ್ತು. ಆಗಸ್ಟ್‌ನಲ್ಲಿ ಅಮೆರಿಕ ಮೇಲ್ಮನವಿ ಹಾಕಿತು. 2023ರಲ್ಲಿ ಎರಡೂ ದೇಶಗಳು ರಾಜಿಯಾಗುವವರೆಗೆ ನಮ್ಮ ಗೆಲುವೂ ಅಲ್ಲೇ ಕೊಳೆಯಿತು. ಬಾಗಿಲು ಮುಚ್ಚಿದ ಕೋರ್ಟು ಬಲವಂತನಿಗಷ್ಟೇ ಅನುಕೂಲ.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಹೆದ್ದಾರಿಯಲ್ಲಿ ಕೂತರು. ಅವರ ಬೇಡಿಕೆ ನ್ಯಾಯವಾದದ್ದು. ಕಾರ್ಖಾನೆಯನ್ನೂ ಬೆಂಗಳೂರನ್ನೂ ಕೇಳುವ ಜೊತೆಗೆ ದೆಹಲಿಯನ್ನೂ ಕೇಳಬೇಕು: ಪೀಠ ಮತ್ತೆ ಕೂರುವಂತೆ ಮಾಡಲು ಏನು ಮಾಡಿದ್ದೀರಿ? ಅಲ್ಲಿಯವರೆಗೆ ಹಲವು ದೇಶಗಳು ಮಾಡಿಕೊಂಡಿರುವ ಮಧ್ಯಂತರ ಮೇಲ್ಮನವಿ ವ್ಯವಸ್ಥೆಗೆ ಭಾರತ ಯಾಕೆ ಸೇರಿಲ್ಲ? ನಮ್ಮ ವಾದದಲ್ಲಿ ಸತ್ವವಿದೆ ಎಂದಾದರೆ ಅದನ್ನು ಕೇಳಿಸಿಕೊಳ್ಳುವ ಪೀಠವನ್ನು ಮೊದಲು ಕೇಳಬೇಕಾದವರು ನಾವೇ.