ಹಳೆಯ ಕಾರಿಗೆ ಹೊಸ ಮೋಟಾರು



ರಾಯದುರ್ಗದ ಸಹೋದರರೊಬ್ಬರು ಬರೆದಿದ್ದಾರೆ: "ಫಾದರ್, ದಿನಾ ಬಳ್ಳಾರಿಗೆ ಕೆಲಸಕ್ಕೆ ಹೋಗಿಬರುತ್ತೇನೆ. ಸಂಬಳವೆಲ್ಲ ಪೆಟ್ರೋಲಿಗೇ ಕರಗುತ್ತಿದೆ. ನಮ್ಮ ಹಳೆಯ ಆಲ್ಟೊವನ್ನು ಕರೆಂಟಿನ ಕಾರಾಗಿ ಮಾಡಿಸಬಹುದೇ? ಮಡಕಶಿರದ ಭಾವ ಒಬ್ಬ ಮೆಕ್ಯಾನಿಕ್‌ನನ್ನು ಗೊತ್ತುಮಾಡಿದ್ದಾರೆ, ಕಡಿಮೆ ಖರ್ಚಿನಲ್ಲಿ ಮುಗಿಸಿಕೊಡುತ್ತಾನಂತೆ. ಮಗಳ ನರ್ಸಿಂಗ್ ಓದಿಗೆಂದು ಕೂಡಿಟ್ಟ ಹಣ ಬ್ಯಾಂಕಿನಲ್ಲಿದೆ." ಆ ಕೊನೆಯ ಮಾತಿಗಾಗಿಯೇ ಈ ಸಲದ ಅಂಕಣ.

ಮಾಡಿಸಬಹುದು. ಬೆಂಗಳೂರಿನ ರೇವಾ ಕಂಪನಿ 2001ರಲ್ಲೇ ಕರೆಂಟಿನ ಪುಟ್ಟ ಕಾರನ್ನು ರಸ್ತೆಗಿಳಿಸಿತ್ತು. ಹೈದರಾಬಾದಿನ ಇಟ್ರಿಯೊ ಸಂಸ್ಥೆ 2019ರ ಹೊತ್ತಿಗೆ ಆಲ್ಟೊ, ವ್ಯಾಗನ್ ಆರ್ ಕಾರುಗಳನ್ನೇ ಹೀಗೆ ಬದಲಾಯಿಸಿ ತೋರಿಸಿತು. ಆಮೇಲೆ ಅದು ಸರಕಿನ ಮೂರುಗಾಲಿ ಬಂಡಿಗಳ ಕಡೆ ಹೊರಳಿತು ಎಂಬುದನ್ನೂ ಗಮನಿಸಬೇಕು.

ಎಂಜಿನ್, ಸೈಲೆನ್ಸರ್, ಪೆಟ್ರೋಲ್ ಟ್ಯಾಂಕು ಹೊರಬರುತ್ತವೆ. ಹಳೆಯ ಗೇರ್‌ಬಾಕ್ಸಿಗೆ ಮೋಟಾರು ಜೋಡಿಸಿ, ಡಿಕ್ಕಿಯಲ್ಲೂ ಟ್ಯಾಂಕಿನ ಜಾಗದಲ್ಲೂ ಬ್ಯಾಟರಿ ಕೂರಿಸುತ್ತಾರೆ. ಆದರೆ ಎಂಜಿನ್ ಚಕ್ರವನ್ನಷ್ಟೇ ತಿರುಗಿಸುವುದಿಲ್ಲ. ಬ್ರೇಕ್ ಪೆಡಲು ಕಾಲಿಗೆ ಹಗುರವಾಗಿರುವುದು ಎಂಜಿನ್ ಗಾಳಿ ಎಳೆದುಕೊಳ್ಳುವುದರಿಂದ. ಅದನ್ನು ಕಿತ್ತ ಮೇಲೆ ಆ ಕೆಲಸಕ್ಕೆ ಬೇರೆ ಪಂಪು ಇಡದಿದ್ದರೆ ಬ್ರೇಕು ಕಲ್ಲಿನಂತೆ ಗಟ್ಟಿಯಾಗುತ್ತದೆ. ಹಿಂಬದಿಗೆ ಭಾರ ಹೆಚ್ಚಾದರೆ ಸ್ಪ್ರಿಂಗೂ ಬದಲಾಗಬೇಕು. ಅದಕ್ಕೇ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆ ಕಡಿವಾಣ ಹಾಕಿದೆ. ಪುಣೆಯ ಏಆರ್‌ಎಐನಂಥ ಸಂಸ್ಥೆ ಪರೀಕ್ಷಿಸಿ ಆ ಮಾದರಿಯ ಕಾರಿಗೆ ಒಪ್ಪಿದ ಕಿಟ್ಟನ್ನೇ ಹಾಕಿಸಬೇಕು. ಇಂಧನ ಬದಲಾದುದನ್ನು ಆರ್.ಟಿ.ಒ. ಕಚೇರಿಯಲ್ಲಿ ಆರ್.ಸಿ.ಗೆ ಬರೆಸಬೇಕು. ಇಲ್ಲದಿದ್ದರೆ ಅಪಘಾತದ ದಿನ ವಿಮೆಯವರಿಗೆ ಒಳ್ಳೆಯ ನೆಪ ಸಿಗುತ್ತದೆ. ಭಾವನವರು ಮೆಕ್ಯಾನಿಕ್‌ನಿಂದ ಮೊದಲು ಕೇಳಬೇಕಾದದ್ದು ಬೆಲೆಯನ್ನಲ್ಲ, ಆ ಪ್ರಮಾಣಪತ್ರವನ್ನು.

ಇನ್ನು ಲೆಕ್ಕ. ಸ್ವಾಮಿಗಳಿಗೇಕೆ ಪೆಟ್ರೋಲಿನ ಲೆಕ್ಕ ಎನ್ನಬೇಡಿ. ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚು ಎಣಿಸುವ ಮಾತು ಸಂತ ಲೂಕರ ಶುಭಸಂದೇಶದಲ್ಲೇ ಇದೆ. ರಾಯದುರ್ಗದಿಂದ ಬಳ್ಳಾರಿಗೆ ಹೋಗಿಬರಲು ಸುಮಾರು 100 ಕಿ.ಮೀ. ಲೀಟರಿಗೆ 18 ಕಿ.ಮೀ., 110 ರೂಪಾಯಿ ಎಂದು ಹಿಡಿದರೆ ದಿನಕ್ಕೆ 600 ರೂಪಾಯಿ. ಕರೆಂಟಾದರೆ ಸುಮಾರು 15 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯಂತೆ 120. ವರ್ಷಕ್ಕೆ 250 ದಿನ ಓಡಿಸಿದರೆ 1,20,000 ರೂಪಾಯಿ ಉಳಿತಾಯ. ಒಳ್ಳೆಯ ಲಿಥಿಯಂ ಬ್ಯಾಟರಿಯ ಕೆಲಸಕ್ಕೆ ನಾಲ್ಕೈದು ಲಕ್ಷ ಬೇಕೆಂದುಕೊಂಡರೆ, ಹಾಕಿದ ಹಣ ಮರಳಲು ನಾಲ್ಕು ವರ್ಷ. ಅಷ್ಟರೊಳಗೆ ಕಾರಿಗೆ 15 ವರ್ಷ ತುಂಬಿದರೆ ಆರ್.ಸಿ. ನವೀಕರಣದ ಓಡಾಟ ಬೇರೆ.

ದಿನಕ್ಕೆ ಹತ್ತು ಕಿ.ಮೀ. ಓಡಿಸುವವರಿಗಂತೂ ಹಾಕಿದ ಹಣ ಮರಳುವುದೇ ಇಲ್ಲ. ನೂರು ಓಡಿಸುವವರಿಗೆ ಮರಳುತ್ತದೆ, ಆದರೆ ಅವರಿಗೆ ದೊಡ್ಡ ಬ್ಯಾಟರಿಯೇ ಬೇಕು. "ಕಡಿಮೆ ಖರ್ಚು" ಎಂದರೆ ಸಾಮಾನ್ಯವಾಗಿ ಸೀಸದ ಬ್ಯಾಟರಿ. 15 ಯೂನಿಟ್ ಹಿಡಿಯುವಷ್ಟು ಸೀಸದ ಬ್ಯಾಟರಿ ನಾನೂರು ಕಿಲೋ ತೂಗುತ್ತದೆ; ಆಲ್ಟೊದ ಅರ್ಧ ತೂಕಕ್ಕಿಂತ ಹೆಚ್ಚು! ನಮ್ಮ ಸೀಮೆಯ ಬಿಸಿಲಿಗೆ ಅದರ ಆಯುಸ್ಸೂ ಕಡಿಮೆ.

ಸಹೋದರರ ಆಸೆ ತಪ್ಪಲ್ಲ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ ಕಲ್ಲಿದ್ದಲು, ತೈಲಗಳ ಬಳಕೆಯನ್ನು ಹಂತಹಂತವಾಗಿ ಬಿಡಬೇಕೆಂದರು, ಬಳಸಿ ಬಿಸಾಡುವ ಚಾಳಿಯನ್ನೂ ಖಂಡಿಸಿದರು. ಗಟ್ಟಿಯಾಗಿರುವ ಕಾರನ್ನು ಗುಜರಿಗೆ ಹಾಕದಿರುವುದು ಒಳ್ಳೆಯದೇ. ಬಳ್ಳಾರಿಯ ಪಕ್ಕದ ಕುಡತಿನಿಯಲ್ಲಿ ಕಲ್ಲಿದ್ದಲು ಉರಿಯುತ್ತದೆ, ಮಡಕಶಿರದ ಪಕ್ಕದ ಪಾವಗಡದಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ರಾತ್ರಿಗಿಂತ ಹಗಲು ಚಾರ್ಜ್ ಮಾಡಿದರೆ ಹೊಗೆಯ ಪಾಲು ಕಡಿಮೆ. ಕೆಲಸದ ಜಾಗದಲ್ಲಿ ಪ್ಲಗ್ಗು ಕೊಡುತ್ತಾರೋ ವಿಚಾರಿಸಿ.

ಆದರೂ ನಮ್ಮ ಮಾತು ಇಷ್ಟೇ: ಮಗಳ ಹಣ ಮುಟ್ಟಬೇಡಿ. ಅವಳ ಫೀಸಿನ ದಿನ ಕಾಯುವುದಿಲ್ಲ, ಕಾರು ಕಾಯುತ್ತದೆ. ಸದ್ಯಕ್ಕೆ ಬಳ್ಳಾರಿಗೆ ಹೋಗುವ ಇನ್ನಿಬ್ಬರನ್ನು ಜೊತೆಗೆ ಕೂರಿಸಿಕೊಂಡು ಪೆಟ್ರೋಲು ಹಂಚಿಕೊಳ್ಳಿ, ಇಲ್ಲವೇ ವಾರದಲ್ಲಿ ಕೆಲವು ದಿನ ಬಸ್ಸೋ ರೈಲೋ ಹಿಡಿಯಿರಿ. ಅವಳು ಓದು ಮುಗಿಸಿದ ಮೇಲೆ, ಕಂಪನಿಯೇ ಮಾಡಿದ ಸೆಕೆಂಡ್ ಹ್ಯಾಂಡ್ ಕರೆಂಟು ಕಾರಿನ ಬೆಲೆಯನ್ನೂ ಕಿಟ್ಟಿನ ಬೆಲೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾವುದನ್ನೇ ಆರಿಸಿದರೂ ಮನೆಯಲ್ಲಿ 15 ಆಂಪಿಯರ್ ಪ್ಲಗ್ಗಿಗೆ ಬೇರೆಯದೇ ವೈರು ಎಳೆಸಿ, ಅರ್ಥಿಂಗ್ ಸರಿಯಿದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ.